ಗಂಜಿ ತೆಳ್ಳಗಾದರೆ ಸಾಲದು

(ದಾವಣಗೆರೆಯಲ್ಲಿ ರೋಗಿಗಳ ಮನೆಯವರಿಗಾಗಿ ನಡೆದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು. ಹೆಚ್ಚುಕಮ್ಮಿ ಆಡಿದ ಹಾಗೇ ಬರೆದಿದ್ದೇನೆ, ನಡುವೆ ಕರೆಂಟು ಹೋದದ್ದೊಂದನ್ನು ಬಿಟ್ಟು.)

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಡಯಟಿಷಿಯನ್ ಅಲ್ಲ, ಅಡುಗೆ ಭಟ್ಟನೂ ಅಲ್ಲ. ಮಂಡಕ್ಕಿ ಭಟ್ಟಿಯವನು. ಇಪ್ಪತ್ತೆಂಟು ವರ್ಷ ಬಿಸಿ ಮರಳಲ್ಲಿ ಅಕ್ಕಿ ಹುರಿದಿದ್ದೇನೆ, ಮನೆಯಲ್ಲಿ ಒಲೆ ಹಚ್ಚಿದವನಲ್ಲ. ನನ್ನನ್ನು ಅಡುಗೆಮನೆಗೆ ತಂದಿದ್ದು ಎರಡು ಕಾಯಿಲೆ. ಮೊದಲು ಅಣ್ಣನಿಗೆ ಬಾಯಿ ಕ್ಯಾನ್ಸರ್. ಅದಾಗಿ ಮೂರು ವರ್ಷಕ್ಕೆ ಅವ್ವನಿಗೆ ಸ್ಟ್ರೋಕ್. ಅತ್ತಿಗೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರೋದು ಸಂಜೆ. ನನ್ನ ಭಟ್ಟಿ ಕೆಲಸ ಬೆಳಗಿನ ಜಾವಕ್ಕೇ ಮುಗಿಯುತ್ತಿತ್ತು. ಹಗಲು ಮನೆಯಲ್ಲಿ ಇರೋನು ನಾನೇ. ಹಾಗಾಗಿ ಇಬ್ಬರಿಗೂ ಮೆತ್ತಗಿನ ಊಟ ಮಾಡಿ ಹಾಕೋದು ನನ್ನ ಪಾಲಿಗೆ ಬಂತು. ಇಬ್ಬರ ವಿಷಯದಲ್ಲೂ ತಪ್ಪು ಮಾಡಿದೆ. ಒಬ್ಬರಲ್ಲಿ ಮಾಡಿದ್ದಕ್ಕೆ ಪೂರ್ತಿ ಉಲ್ಟಾ ತಪ್ಪು ಇನ್ನೊಬ್ಬರಲ್ಲಿ. ಅದನ್ನೇ ಹೇಳೋಣ ಅಂತ ಬಂದೆ.

ಮೊದಲು ಈ ಪಾತ್ರೆ ನೋಡಿಬಿಡಿ. ಅಕ್ಕಿತರಿ ಗಂಜಿ. ಬೇಕಂತಲೇ ಗಟ್ಟಿ ಮಾಡಿದ್ದೇನೆ, ಚಮಚ ನೆಟ್ಟರೆ ನಿಲ್ಲುತ್ತೆ. ಒಲೆಯಿಂದ ಇಳಿಸಿ ಹತ್ತು ನಿಮಿಷ ಆಗಿದೆ, ಇನ್ನೂ ಬಿಸಿ ಇದೆ, ಆದರೆ ಕುದಿಯುತ್ತಿಲ್ಲ. ಇದಕ್ಕೆ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಹಾಕಿ ಕಲಸಿದೆ. ಈಗ ಮುಚ್ಚಿ ಇಡ್ತೀನಿ. ಆಮೇಲೆ ನೋಡೋಣ.

ಅಣ್ಣನ ಮಾತಿಗೆ ಬರ್ತೀನಿ. ಚನ್ನಗಿರಿ ಸೀಮೆ ನೆಂಟಸ್ತನ, ಮನೆಯಲ್ಲಿ ಅಡಿಕೆ ಇರಲೇಬೇಕು. ಅಣ್ಣ ಹೊಗೆಸೊಪ್ಪು ಮುಟ್ಟಿದವನಲ್ಲ, ಬರೀ ಅಡಿಕೆ. ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಈ ಮಾತನ್ನು ನಮ್ಮ ಜಿಲ್ಲೆಯಲ್ಲಿ ಜೋರಾಗಿ ಹೇಳಿದರೆ ಯಾರೂ ಹತ್ತಿರ ಕೂರಿಸಿಕೊಳ್ಳಲ್ಲ. ಇರಲಿ.

ರೇಡಿಯೇಷನ್ ಶುರುವಾಯಿತು. ವಾರಕ್ಕೆ ಐದು ದಿನ, ಒಟ್ಟು 33 ಸಲ. ಮೊದಲೆರಡು ವಾರ ಏನೂ ಇಲ್ಲ, ಅಣ್ಣ ಚಿತ್ರಾನ್ನ ತಿಂದುಕೊಂಡು ಹೋಗಿಬಂದ. ಮೂರನೇ ವಾರಕ್ಕೆ ಬಾಯೊಳಗೆಲ್ಲ ಹುಣ್ಣು. ಜೊಲ್ಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಏನು ಕೊಟ್ಟರೂ "ಕಬ್ಬಿಣ ನೆಕ್ಕಿದಂಗೆ ಐತಿ" ಅನ್ನುತ್ತಿದ್ದ. ತೋರಿಸಿದ ಆಸ್ಪತ್ರೆಯಲ್ಲಿ ಚೀಟಿಯ ಮೇಲೆ ಎರಡು ಪದ ಬರೆದುಕೊಟ್ಟರು: ಲಿಕ್ವಿಡ್ ಡಯಟ್. ಅಷ್ಟೇ. ಎಷ್ಟು, ಯಾವುದು, ಹೇಗೆ, ಏನಿಲ್ಲ.

ನಮಗೆ ಗೊತ್ತಿರೋ ಲಿಕ್ವಿಡ್ ಅಂದರೆ ಗಂಜಿ. ಕಾಯಿಲೆ ಮನೆಯಲ್ಲಿ ಗಂಜಿ ಕಾಯಿಸೋದು, ಅಲ್ವಾ? ಒಂದು ಲೋಟ ನೀರಿಗೆ ಎರಡು ಸಣ್ಣ ಚಮಚ ಅಕ್ಕಿತರಿ, ಚೂರು ಉಪ್ಪು. ನುಣ್ಣಗೆ ಬೇಯಿಸಿ, ಸೋಸಿ, ದಿನಕ್ಕೆ ಆರು ಲೋಟ ಕುಡಿಸಿದೆ. ಅಣ್ಣನೂ ಪಾಪ ಹಠ ಮಾಡದೆ ಕುಡಿದ. ಆರು ಲೋಟ ಖಾಲಿಯಾಯಿತು ಅಂತ ನಾನು ರಾತ್ರಿ ಎದೆಯುಬ್ಬಿಸಿಕೊಂಡು ಮಲಗುತ್ತಿದ್ದೆ. ಹದಿನೈದು ದಿನಕ್ಕೆ ಐದು ಕೆಜಿ ಇಳಿದ.

ತೂಕ ನೋಡುವ ಕಡೆ ಡಯಟಿಷಿಯನ್ ಹುಡುಗಿ ಒಬ್ಬಳು ಕೇಳಿದಳು, "ಅಂಕಲ್, ಒಂದು ಲೋಟಕ್ಕೆ ಅಕ್ಕಿ ಎಷ್ಟು ಹಾಕ್ತೀರಿ?" ಹೇಳಿದೆ. ಚೀಟಿಯ ಹಿಂದೆ ಲೆಕ್ಕ ಹಾಕಿದಳು. ಎರಡು ಚಮಚ ಅಂದರೆ ಸುಮಾರು 10 ಗ್ರಾಂ. 10 ಗ್ರಾಂ ಅಕ್ಕಿಗೆ 35 ಕ್ಯಾಲೊರಿ. ಆರು ಲೋಟಕ್ಕೆ 210. ಅಣ್ಣ ಆಗ 60 ಕೆಜಿ ಇದ್ದ. ಇಂಥ ಕಾಯಿಲೆಯವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲೊರಿ ಬೇಕಂತೆ. ಅಂದರೆ 1500ರಿಂದ 1800. ಪ್ರೋಟೀನ್ ಕೆಜಿಗೆ ಒಂದರಿಂದ ಒಂದೂವರೆ ಗ್ರಾಂ, ಅಂದರೆ 60ರಿಂದ 90 ಗ್ರಾಂ. ನನ್ನ ಆರು ಲೋಟದಲ್ಲಿ ಐದು ಗ್ರಾಮೂ ಇರಲಿಲ್ಲ. ಅವಳು ಬೈಯಲಿಲ್ಲ. ಚೀಟಿ ನನ್ನ ಕಡೆ ತಿರುಗಿಸಿ ಇಟ್ಟಳು, ಅಷ್ಟೇ. ಮನೆಯಲ್ಲಿ ಮೂಟೆಗಟ್ಟಲೆ ಅಕ್ಕಿ ಇಟ್ಟುಕೊಂಡು ಒಡಹುಟ್ಟಿದವನನ್ನು ಉಪವಾಸ ಕೆಡವಿದ್ದೆ.

ಸರಿ, ಜಾಸ್ತಿ ಅಕ್ಕಿ ಹಾಕೋಣ ಅಂತ ಹೊರಟೆ. ಐದು ಚಮಚ ಹಾಕಿದರೆ ಗಂಜಿ ಅಂಟಿನ ಹಾಗಾಯಿತು. ಒಣಗಿದ ಬಾಯಲ್ಲಿ ಅಂಟು ಇಳಿಯುತ್ತಾ? ಹುಣ್ಣಿಗೆ ಮೆತ್ತಿಕೊಂಡು ಅಣ್ಣ ಕಣ್ಣಲ್ಲಿ ನೀರು ಹಾಕಿದ. ತೆಳ್ಳಗೆ ಮಾಡಿದರೆ ಸತ್ವ ಇಲ್ಲ, ಸತ್ವ ಹಾಕಿದರೆ ತೆಳ್ಳಗಿಲ್ಲ.

ಈಗ ಪಾತ್ರೆ ತೆಗೀರಿ. ಮುಂದಿರೋ ಅಜ್ಜಿ, ನೀವೇ ಚಮಚ ಎತ್ತಿ ನೋಡಿ. ಹೆಂಗೆ ಸುರೀತಿದೆ? ಮಜ್ಜಿಗೆ ಥರ, ಅಲ್ವಾ? ಒಂದು ತೊಟ್ಟು ನೀರು ಹಾಕಿಲ್ಲ, ನೀವೆಲ್ಲ ಇಲ್ಲೇ ಇದ್ದೀರಿ. ಅಕ್ಕಿ ಅಷ್ಟೇ ಇದೆ, ಗಂಜಿ ಮಾತ್ರ ಕರಗಿತು.

ಇದು ಮಾಟ ಅಲ್ಲ. ಕಾಳು ಮೊಳಕೆ ಒಡೆಯುವಾಗ ತನ್ನೊಳಗಿನ ಪಿಷ್ಟವನ್ನು ಒಡೆದುಕೊಳ್ಳೋಕೆ ಅಮೈಲೇಸ್ ಅನ್ನೋ ಕಿಣ್ವ ಮಾಡಿಕೊಳ್ಳುತ್ತೆ. ಆ ಹಿಟ್ಟು ಬೇರೆ ಗಂಜಿಗೆ ಬಿದ್ದರೆ ಅಲ್ಲಿಯ ಪಿಷ್ಟವನ್ನೂ ಒಡೆಯುತ್ತೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಮಕ್ಕಳ ಆಹಾರಕ್ಕಾಗಿ ಈ ಮೊಳಕೆ ರಾಗಿಯ ಮೇಲೆ ಬೇಕಾದಷ್ಟು ಕೆಲಸ ಮಾಡಿದ್ದಾರೆ. ನಮ್ಮ ಅಜ್ಜಿಯರು ಕೂಸಿಗೆ ರಾಗಿ ಸರಿ ಮಾಡುವಾಗ ಮೊಳಕೆ ಕಟ್ಟುತ್ತಿದ್ದದ್ದೂ ಇದಕ್ಕೇ.

ಮಾಡೋದು ಹೀಗೆ. ರಾಗಿ ತೊಳೆದು ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಿ. ಎರಡು ದಿನಕ್ಕೆ ಬಿಳೀ ಬೇರು ಬರುತ್ತೆ. ನೆರಳಲ್ಲಿ ಹರವಿ ಗಲಗಲ ಅನ್ನೋ ತನಕ ಒಣಗಿಸಿ, ಉಜ್ಜಿದರೆ ಬೇರು ಉದುರುತ್ತೆ. ಕೇರಿ, ಬಾಣಲಿಯಲ್ಲಿ ಸುಮ್ನೆ ಬೆಚ್ಚಗೆ ಮಾಡಿ ಬೀಸಿಸಿ. ಇಲ್ಲಿ ಹುಷಾರು. ಘಮ್ಮನೆ ಬರಲಿ ಅಂತ ಕೆಂಪಗೆ ಹುರಿದರೆ ಆ ಗುಣ ಸತ್ತುಹೋಗುತ್ತೆ. ಇಪ್ಪತ್ತೆಂಟು ವರ್ಷ ಹುರಿದ ಕೈ ನನ್ನದು. ಮೊದಲ ಸಲ ಚೆನ್ನಾಗಿ ಹುರಿದು ಪೂರ್ತಿ ಕೆಡಿಸಿದೆ. ಹಾಗೇ, ಕೊತಕೊತ ಕುದಿಯೋ ಗಂಜಿಗೆ ಹಾಕಿದರೂ ಕೆಲಸ ಮಾಡಲ್ಲ. ಇಳಿಸಿ, ಸ್ವಲ್ಪ ಆರಿದ ಮೇಲೆ ಹಾಕಿ. ಕರಗಿದ ನಂತರ ಮತ್ತೆ ಒಂದು ಕುದಿ ಬರಿಸಿ, ಯಾಕಂದರೆ ಹಿಟ್ಟು ಹಸಿ. ಕ್ಯಾನ್ಸರ್ ಔಷಧಿ ತಗೊಳ್ಳೋರಿಗೆ ರೋಗ ತಡೆಯೋ ಶಕ್ತಿ ಕಮ್ಮಿ ಇರುತ್ತೆ, ಹಸಿಯದನ್ನು ಕೊಡೋ ಹಾಗಿಲ್ಲ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನದ ತನಕ ಹೊರಗೆ ಇಡೋ ಹಾಗೂ ಇಲ್ಲ. ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ, ಪಿಷ್ಟ ಒಡೆದರೆ ಸಕ್ಕರೆಯೇ. ನೆಕ್ಕಿ ನೋಡಿ, ಸಿಹಿಯಾಗಿರುತ್ತೆ.

ಆಮೇಲೆ ಲೋಟದೊಳಗೆ ತುಂಬೋದು ಕಲಿತೆ. ನೀರಿನ ಬದಲು 200 ಮಿಲಿ ಹಾಲು, ಎರಡು ದೊಡ್ಡ ಚಮಚ ಮೊಳಕೆ ರಾಗಿ ಹಿಟ್ಟು, ಹುರಿದ ಶೇಂಗಾ ಬೆಣ್ಣೆಯಂತೆ ಅರೆದಿದ್ದು ಎರಡು ಚಮಚ, ಒಂದು ಚಮಚ ತುಪ್ಪ, ಚೂರು ಬೆಲ್ಲ. ಅದೇ ಲೋಟ 35ರಿಂದ 300 ದಾಟಿತು, ಪ್ರೋಟೀನ್ 10 ಗ್ರಾಂ ಹತ್ತಿರ ಬಂತು. ಕುಡಿಯೋನಿಗೆ ಎರಡೂ ಒಂದೇ ಲೋಟ. ಬಿಸಿಬಿಸಿ ಕೊಡಬೇಡಿ, ಹುಣ್ಣಿಗೆ ಉರಿಯುತ್ತೆ. ತಣ್ಣಗಾದ ಮೇಲೆ ಕೊಡಿ. ಹುಳಿ, ಖಾರ ದೂರ. ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚ ಹಿಡಿದ ಮೇಲೆ ಆ ಕಬ್ಬಿಣದ ರುಚಿ ಸ್ವಲ್ಪ ಕಮ್ಮಿಯಾಯಿತು ಅಂದ ಅಣ್ಣ. ಊಟಕ್ಕೆ ಮೊದಲು ಬಾಯಿ ಮುಕ್ಕಳಿಸೋಕೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ.

ಪ್ರೋಟೀನ್ ಅಂದ ಕೂಡಲೇ ಡಾಕ್ಟರು ಮೊಟ್ಟೆ ಅಂದರು. ನಮ್ಮದು ಮೊಟ್ಟೆ ಬರದ ಮನೆ. ಅವ್ವ ಆಗ ಗಟ್ಟಿಮುಟ್ಟಾಗಿದ್ದಳು, ವಿಭೂತಿ ಹಚ್ಚದೆ ನೀರು ಮುಟ್ಟದವಳು. ನಾನು ಹೆದರಿಕೊಂಡೇ ವಿಷಯ ಎತ್ತಿದೆ. ಅವ್ವ ಒಂದು ದಿನ ಮಾತಾಡಲಿಲ್ಲ. ಮಾರನೇ ದಿನ ಹಿತ್ತಲಿಗೆ ಹಳೇ ಸೀಮೆಎಣ್ಣೆ ಸ್ಟವ್ ತಂದಿಟ್ಟು, "ಪಾತ್ರೆ ಒಳಗೆ ತರಬ್ಯಾಡ, ಅವನ ಲೋಟನೂ ಅಲ್ಲೇ ತೊಳಿ" ಅಂದಳು. ಅಷ್ಟರಲ್ಲೇ ಮುಗಿಯಿತು. ಒಂದು ಮೊಟ್ಟೆಗೆ ಆರು ಗ್ರಾಂ ಪ್ರೋಟೀನ್. ಹಾಲಿಗೆ ಒಡೆದು ಹಾಕಿ, ಹಬೆಯಲ್ಲಿ ಬೇಯಿಸಿದರೆ ಗಿಣ್ಣದ ಹಾಗೆ ಬರುತ್ತೆ, ಪೂರ್ತಿ ಬೇಯಬೇಕು. ಯಾರ ಮನೆಯಲ್ಲಿ ಹಿತ್ತಲೂ ಒಪ್ಪಲ್ವೋ ಅವರು ಹೆಸರುಬೇಳೆ ನುಣ್ಣಗೆ ಬೇಯಿಸಿ ಸೋಸಿ ಹಾಲು ಬೆರೆಸಿ, ಅಥವಾ ಹಾಲಿಗೇ ಎರಡು ಚಮಚ ಹಾಲಿನ ಪುಡಿ ಸೇರಿಸಿ.

ನಮ್ಮ ಭಟ್ಟಿ ಮಾಲನ್ನೂ ಬಿಡಲಿಲ್ಲ. ಮಂಡಕ್ಕಿ, ಪುಟಾಣಿ (ಹುರಿಗಡಲೆ) ಸಮಪಾಲು ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದೆ. ಎರಡೂ ಆಗಲೇ ಬೆಂದವು, ಬಿಸಿ ಹಾಲಿಗೆ ಕಲಸಿದರೆ ಆಯಿತು, ಒಲೆ ಬೇಡ. ಆಸ್ಪತ್ರೆ ಮಂಚದ ಪಕ್ಕ ಒಂದು ಡಬ್ಬಿ, ಒಂದು ಫ್ಲಾಸ್ಕು ಸಾಕು. ಆದರೆ ಮಂಡಕ್ಕಿಯಲ್ಲಿ ಉಪ್ಪಿರುತ್ತೆ, ಅಕ್ಕಿಗೆ ಉಪ್ಪುನೀರು ಹಿಡಿಸಿಯೇ ನಾವು ಹುರಿಯೋದು. ಹೃದಯ, ಕಿಡ್ನಿ ತೊಂದರೆಯವರಿಗೆ ಅದು ಬೇಡ.

ಐದನೇ ವಾರ ಅಣ್ಣ ಒಂದು ಬೆಳಿಗ್ಗೆ ಚೀಟಿಯಲ್ಲಿ ಬರೆದು ತೋರಿಸಿದ: ಬೆಣ್ಣೆ ದೋಸೆ. ದಾವಣಗೆರೆಯಲ್ಲಿ ಹುಟ್ಟಿದವನು, ಏನು ಮಾಡ್ತೀರಿ? ಹೋಟೆಲಿಗೆ ಹೋಗಿ ಒಂದು ದೋಸೆ ಕಟ್ಟಿಸಿಕೊಂಡು ಬಂದೆ. ಗರಿಗರಿ ಅಂಚೆಲ್ಲ ಕಿತ್ತು ನಾನು ತಿಂದೆ. ಚಟ್ನಿ ಅತ್ತಿಗೆಗೆ. ನಡುವಿನ ಮೆತ್ತನೆ ಭಾಗ ಬಿಸಿ ಹಾಲಲ್ಲಿ ನೆನೆಸಿದೆ. ಆಲೂಗಡ್ಡೆ ಪಲ್ಯ ಮನೆಯಲ್ಲೇ ಮೆಣಸಿನಕಾಯಿ ಹಾಕದೆ ಮಾಡಿದ್ದೆ. ಎರಡನ್ನೂ ಒಟ್ಟಿಗೆ ಅರೆದು, ಮೇಲೆ ಒಂದು ನಿಂಬೆಹಣ್ಣಿನಷ್ಟು ಬೆಣ್ಣೆ ಹಾಕಿದೆ. ನೋಡೋಕೆ ಸುಣ್ಣದ ಹಾಗಿತ್ತು. ಅಣ್ಣ ಮೊದಲು ಬಟ್ಟಲಿಗೆ ಮೂಗು ಹಚ್ಚಿ ಒಂದು ನಿಮಿಷ ಹಾಗೇ ಕೂತ. ಆಮೇಲೆ ಒಂಬತ್ತು ಚಮಚ ತಿಂದ. ನಾನು ಎಣಿಸಿದ್ದೇನೆ. ಅಣ್ಣ ಗುಣವಾದ. ಈಗಲೂ ದೋಸೆಯನ್ನು ಸಾಂಬಾರಲ್ಲಿ ನೆನೆಸಿಯೇ ತಿನ್ನೋದು.

ಇಷ್ಟೆಲ್ಲ ಕಲಿತ ಮೇಲೆ ನನಗೆ ಸ್ವಲ್ಪ ಜಂಬ ಬಂತು. ಅವ್ವನಿಗೆ ಸ್ಟ್ರೋಕ್ ಆಗಿ, ಎಡಗೈ ಬಿದ್ದು, ಮಾತು ತೊದಲೋಕೆ ಶುರುವಾದಾಗ ಮನೆಯವರಿಗೆಲ್ಲ ಹೇಳಿದೆ, "ಊಟದ ಚಿಂತೆ ಬಿಡಿ, ನಾನಿದ್ದೀನಿ" ಅಂತ. ಅದೇ ಲೋಟ, ಅದೇ ಮೊಳಕೆ ರಾಗಿ, ತೆಳ್ಳಗೆ, ಸತ್ವವಾಗಿ. ಕುಡಿಯುವಾಗ ಅವ್ವ ಕೆಮ್ಮುತ್ತಿದ್ದಳು. ನೆತ್ತಿಗೆ ಹತ್ತಿತು ಅಂತ ತಲೆ ತಟ್ಟಿದೆ. ಕುಡಿದ ಮೇಲೆ ದನಿ ಗುರುಗುರು ಅನ್ನುತ್ತಿತ್ತು, ಕಫ ಅಂದುಕೊಂಡೆ. ನಾಲ್ಕನೇ ದಿನ ಜ್ವರ. ನ್ಯುಮೋನಿಯಾ. ಗಂಜಿ ಹೊಟ್ಟೆಗೆ ಹೋಗೋ ಬದಲು ಶ್ವಾಸಕೋಶಕ್ಕೆ ಇಳಿದಿತ್ತು.

ಮಾತಿನ ತೊಂದರೆ ನೋಡೋ ಸ್ಪೀಚ್ ಥೆರಪಿಸ್ಟ್‌ಗಳೇ ನುಂಗೋ ತೊಂದರೆಯನ್ನೂ ನೋಡುತ್ತಾರೆ ಅಂತ ನನಗೆ ಗೊತ್ತಾಗಿದ್ದು ಆಗ. ಬಂದ ಥೆರಪಿಸ್ಟ್ ಹೇಳಿದ್ದು ಇಷ್ಟು: ನೀರಿನಂಥದ್ದು ಓಡುತ್ತೆ, ಅವ್ವನ ಗಂಟಲಿನ ಬಾಗಿಲು ನಿಧಾನ. ಬಾಗಿಲು ಮುಚ್ಚೋ ಮೊದಲೇ ನುಗ್ಗಿಬಿಡುತ್ತೆ. ಗಟ್ಟಿ ಇದ್ದರೆ ನಿಧಾನಕ್ಕೆ ಜಾರುತ್ತೆ, ಬಾಗಿಲಿಗೆ ಟೈಮ್ ಸಿಗುತ್ತೆ. ಕೆಲವರಿಗೆ ಕೆಮ್ಮೂ ಬರಲ್ಲ, ಸದ್ದಿಲ್ಲದೆ ಇಳಿಯುತ್ತೆ. ಅಂದರೆ ಅಣ್ಣನಿಗೆ ಯಾವುದು ಜೀವ ಉಳಿಸಿತೋ ಅದೇ ಅವ್ವನಿಗೆ ಅಪಾಯ.

ಇದಕ್ಕೆ ಅಳತೆ ಇದೆ. ಐಡಿಡಿಎಸ್‌ಐ ಅಂತ, ನೀರಿಗೆ 0, ಮಾಮೂಲಿ ಊಟಕ್ಕೆ 7, ನಡುವೆ ಒಂದೊಂದು ಹದಕ್ಕೆ ಒಂದೊಂದು ನಂಬರು. ಅವ್ವನಿಗೆ ಹೇಳಿದ್ದು 4. ಚಮಚದಲ್ಲಿ ತಗೊಂಡು ಓರೆ ಮಾಡಬೇಕು. ಒಂದೇ ಉಂಡೆಯಾಗಿ ಜಾರಿ ಬಿದ್ದರೆ ಸರಿ. ಹನಿಹನಿ ಸೋರಿದರೆ ತೆಳು. ಚಮಚಕ್ಕೇ ಅಂಟಿ ಕೂತರೆ ಅದೂ ಆಗದು, ಗಂಟಲಲ್ಲೂ ಹಾಗೇ ಕೂರುತ್ತೆ. ಹಾಗಾಗಿ ಮುದ್ದೆ ಬೇಡ. ಮುದ್ದೆ ಅಗಿಯೋ ಹಾಗಿಲ್ಲ, ನುಂಗಿದರೆ ಆಯಿತು ಅಂತೀವಿ. ಮುದ್ದೆ ನುಂಗೋದು ಒಂದು ವಿದ್ಯೆ, ಗಂಟಲು ಗಟ್ಟಿ ಇದ್ದವರಿಗೆ. ಅನ್ನಕ್ಕೆ ತಿಳಿಸಾರು ಹಾಕಿದ್ದೂ ಬೇಡ. ಅನ್ನ ಬಾಯಲ್ಲಿ ಉಳಿಯುತ್ತೆ, ಸಾರು ಓಡಿಹೋಗುತ್ತೆ.

ಗಟ್ಟಿ ಗಂಜಿ ಶುರು ಮಾಡಿದೆ. ಚಮಚ ಪರೀಕ್ಷೆಯಲ್ಲಿ ಪಾಸು. ಹತ್ತು ಚಮಚ ಚೆನ್ನಾಗಿ ಹೋಗುತ್ತಿತ್ತು. ಆಮೇಲೆ ಕೆಮ್ಮು. ದಿನಾ ಹೀಗೇ, ಅರ್ಧ ಬಟ್ಟಲಿಗೆ ಸರಿಯಾಗಿ ಕೆಮ್ಮು. ಆಯಾಸ ಇರಬೇಕು ಅಂದುಕೊಂಡೆ. ಒಂದು ದಿನ ಬಟ್ಟಲು ನೋಡಿದರೆ ಉಳಿದ ಗಂಜಿ ಮಜ್ಜಿಗೆ ಆಗಿತ್ತು. ನೀರು ಹಾಕಿದವರು ಯಾರೂ ಇಲ್ಲ. ಎಲ್ಲೋ ನೋಡಿದ ಹಾಗಿದೆ ಅನ್ನಿಸಿತು. ಥೆರಪಿಸ್ಟ್ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ತಿನ್ನಿಸಿದ ಚಮಚ ಮತ್ತೆ ಅದೇ ಬಟ್ಟಲಿಗೆ ಹಾಕ್ತೀರಾ?"

ಜೊಲ್ಲಿನಲ್ಲೂ ಅದೇ ಅಮೈಲೇಸ್ ಇದೆ. ಮೊಳಕೆ ರಾಗಿ ಮಾಡೋ ಕೆಲಸವನ್ನೇ ಅವ್ವನ ಬಾಯಿಂದ ಬಂದ ಚಮಚ ಮಾಡುತ್ತಿತ್ತು. ಒಂದೊಂದು ತುತ್ತಿಗೂ ಬಟ್ಟಲು ಒಂಚೂರು ತೆಳ್ಳಗಾಗುತ್ತಿತ್ತು. ಎಂಜಲು ಚಮಚ ಪಾತ್ರೆಗೆ ಹಾಕಬ್ಯಾಡ ಅಂತ ಐವತ್ತು ವರ್ಷ ನನ್ನ ಬೆನ್ನಿಗೆ ಬಿದ್ದಿದ್ದವಳು ಇದೇ ಅವ್ವ. ಮಡಿ ಅಂತ ನಗುತ್ತಿದ್ದೆ. ಆಮೇಲಿಂದ ದೊಡ್ಡ ಬಟ್ಟಲು ದೂರ, ಅದರಿಂದ ನಾಲ್ಕೇ ಚಮಚ ಸಣ್ಣ ಬಟ್ಟಲಿಗೆ, ಬಡಿಸೋಕೆ ಒಂದು ಚಮಚ, ತಿನ್ನಿಸೋಕೆ ಇನ್ನೊಂದು. ಪಿಷ್ಟದಿಂದ ಗಟ್ಟಿಯಾಗದ ತಿನಿಸೂ ಹುಡುಕಿದೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಬೇಯಿಸಿ ನುಣ್ಣಗೆ ಅರೆದ ಸಿಹಿಗುಂಬಳ, ಕ್ಯಾರೆಟ್ಟು ತುಪ್ಪದ ಜೊತೆ. ಇವು ಕೊನೇ ಚಮಚದ ತನಕ ಹಾಗೇ ನಿಲ್ಲುತ್ತಿದ್ದವು.

ಉಣ್ಣಿಸೋದು ಹೇಗೆ ಅಂದರೆ, ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ. ನೀವು ಎದುರು ಕೂತು ಚಮಚ ಕೆಳಗಿನಿಂದ ತನ್ನಿ. ನಿಂತು ಮೇಲಿಂದ ಕೊಟ್ಟರೆ ಅವರು ತಲೆ ಎತ್ತುತ್ತಾರೆ, ಗಂಟಲು ತೆರೆದುಕೊಳ್ಳುತ್ತೆ. ಒಂದು ನುಂಗಿದ್ದು ಕಂಡ ಮೇಲೆ ಇನ್ನೊಂದು. ಟಿವಿ ಬಂದ್. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ನೋಡೋಕೆ ಬರೋರ ಬಗ್ಗೆ ಒಂದು ಮಾತು. ನಮ್ಮ ಕಡೆ ಬರೋರೆಲ್ಲ ಬ್ರೆಡ್ಡು, ಸೇಬು ತರ್ತಾರೆ. ಬ್ರೆಡ್ಡು ಮೆತ್ತಗೆ ಕಾಣುತ್ತೆ, ಬಾಯಲ್ಲಿ ಒದ್ದೆಯಾದರೆ ಅಂಟುಂಡೆ, ನುಂಗಲಾಗದವರಿಗೆ ಅದಕ್ಕಿಂತ ಕೆಟ್ಟದ್ದು ಕಮ್ಮಿ. ನಮ್ಮ ಮನೆಯಲ್ಲಿ ಆ ಎರಡು ವರ್ಷ ಎಮ್ಮೆ ಚೆನ್ನಾಗಿ ಬ್ರೆಡ್ಡು ತಿಂತು.

ಒಬ್ಬರು ತಾಯಿ ಕೇಳಿದರು, ಯಜಮಾನರಿಗೆ ಡಯಾಲಿಸಿಸ್ ನಡೀತಿದೆ, ತಂಪು ಅಂತ ದಿನಾ ಎಳನೀರು ಕೊಡ್ತೀನಿ, ಸರಿ ತಾನೇ ಅಂತ. ಅಮ್ಮಾ, ಇವತ್ತೇ ನಿಲ್ಲಿಸಿ ಡಾಕ್ಟರನ್ನು ಕೇಳಿ. ಎಳನೀರಲ್ಲಿ ಪೊಟ್ಯಾಶಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ಹೃದಯದ ಬಡಿತಕ್ಕೇ ತೊಂದರೆ. ಬಾಳೆಹಣ್ಣೂ ಹಾಗೇ. ಇನ್ನೊಬ್ಬರು ತಮ್ಮನಿಗೆ ಮೂಗಿನ ನಳಿಗೆ ಹಾಕಿದೆ, ಅದರಲ್ಲಿ ಈ ಗಂಜಿ ಬಿಡಬಹುದಾ ಅಂದರು. ಎಷ್ಟು, ಎಷ್ಟು ಹೊತ್ತಿಗೆ ಅಂತ ಆಸ್ಪತ್ರೆಯವರು ಹೇಳಿದ್ದೇ ಲೆಕ್ಕ. ಚೆನ್ನಾಗಿ ಸೋಸಿ, ಮೊದಲೂ ಆಮೇಲೂ ನೀರು ಬಿಡಿ, ತಲೆ ಕಡೆ ಎತ್ತರಿಸಿ. ತುಂಬ ದಿನ ಏನೂ ತಿನ್ನದೆ ಇದ್ದವರಿಗೆ ಒಮ್ಮೆಲೇ ಜಾಸ್ತಿ ಕೊಡಬೇಡಿ, ಅದೂ ಅಪಾಯವೇ.

ಚಮಚ ಎತ್ತಿ ನೋಡಿದ ಅಜ್ಜಿ ಕೊನೆಗೆ ಕೇಳಿದ್ದು, "ಏನು ಮಾಡಿದ್ರೂ ಬಾಯಿ ತೆಗೀದಿದ್ರೆ ಏನ್ ಮಾಡೋದಪ್ಪ?"

ಅವ್ವನಿಗೆ ಎರಡನೇ ಸಲ ಸ್ಟ್ರೋಕ್ ಆದ ಮೇಲೆ ಹಾಗಾಯಿತು. ಹಲ್ಲು ಕಚ್ಚಿಕೊಂಡು ಮುಖ ಆ ಕಡೆ ತಿರುಗಿಸೋಳು. ನಾನು ಬೇಡಿಕೊಂಡೆ, ಗದರಿದೆ, ಒಂದು ಸಲ ಗಲ್ಲ ಅದುಮಿ ಬಾಯಿ ತೆಗೆಸಿದೆ. ಅದು ಇವತ್ತಿಗೂ ಕೈಯಲ್ಲಿ ನೆನಪಿದೆ. ಮನೆಗೆ ಬರ್ತಿದ್ದ ನರ್ಸು ಹೇಳಿದರು, "ಅಣ್ಣಾ, ಊಟ ಬಿಟ್ಟಿದ್ದಕ್ಕೆ ಅಮ್ಮ ಹೋಗ್ತಿಲ್ಲ. ಹೋಗೋ ಹೊತ್ತು ಬಂದಿದೆ, ಅದಕ್ಕೆ ಊಟ ಬಿಟ್ಟಿದ್ದಾರೆ. ಮೈಗೆ ಬೇಡವಾಗಿದೆ." ತುರುಕಿದರೆ ಎದೆಗೆ ಇಳಿಯುತ್ತೆ, ನರಳಾಟ ಜಾಸ್ತಿ. ತುಟಿ ಒಣಗದ ಹಾಗೆ ಹತ್ತಿ ಒದ್ದೆ ಮಾಡಿ ಒರೆಸಿ, ಸಾಕು ಅಂದರು. ಬಂಧುಗಳು ಮುಖ ಸಿಂಡರಿಸಿದರು. ನಾನು ನರ್ಸು ಹೇಳಿದ್ದನ್ನೇ ಕೇಳಿದೆ.

ಆಮೇಲೆ ಹತ್ತು ದಿನ ಇದ್ದಳು. ಆ ಹತ್ತು ದಿನ ನಾನು ಒಲೆ ಹಚ್ಚಿದ್ದು ನನ್ನ ಚಹಾಕ್ಕೆ ಮಾತ್ರ. ಒಂದು ಬೆಳಿಗ್ಗೆ ಭಟ್ಟಿಯಿಂದ ಬಂದು ಶುಂಠಿ ಜಜ್ಜಿ ಹಾಕಿ ಕಾಯಿಸಿಕೊಂಡು ಮಂಚದ ಪಕ್ಕ ಕೂತೆ. ವಾಸನೆಗೋ ಏನೋ, ಅವ್ವ ಕಣ್ಣು ಬಿಟ್ಟು ಲೋಟದ ಕಡೆ ನೋಡಿದಳು. ಹತ್ತಿಯನ್ನು ಚಹಾದಲ್ಲಿ ಅದ್ದಿ, ಹಿಂಡಿ, ತುಟಿಗೆ ಒರೆಸಿದೆ. ನಾಲಿಗೆ ಮುಂದೆ ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು, ತೊದಲುತ್ತಾ ಅಂದಳು:

"ಸಕ್ರೆ ಸಾಲ್ದು."